ಬೇರೆ ಸಪ್ಪಳದ ಲಾರಿ

ಗಾಂಧಿ ಚೌಕದಲ್ಲಿ ಹಮಾಲರ ಎದುರಿಗೇ ಸಂಗಣ್ಣ ಸಾವಕಾರ ತನ್ನ ಡ್ರೈವರ್ ಯಲಗೂರಪ್ಪನ ಕೈಯಿಂದ ಲಾರಿಯ ಚಾವಿ ಕಸಿದುಕೊಂಡಿದ್ದ. “ಡ್ರೈವರ್ ಅಂತ ಇಟ್ಕೊಂಡ್ರ ಡೀಸೆಲ್ ಕುಡಿಯೋ ಬೆಕ್ಕಾಗ್ಯಾನ ಇವ!” ಹಮಾಲರು ನಕ್ಕರು. ಹತ್ತು ವರ್ಷದಲ್ಲಿ ಯಲಗೂರಪ್ಪ ಒಂದು ಹನಿ ಕದ್ದವನಲ್ಲ. ಕಳ್ಳ ಅಂದೆಯಾ? ಸರಿ. ಹನಿ ಯಾಕೆ, ಡೀಸೆಲ್ ಟಾಕಿ ಸಮೇತ ಲಾರಿಯನ್ನೇ ಒಯ್ಯುತ್ತೇನೆ ಅಂದುಕೊಂಡ.

ಲಾರಿ ಮಮದಾಪುರದಲ್ಲಿ ಸಾವಕಾರನ ಕಣದಲ್ಲಿ ನಿಂತಿತ್ತು. ಎರಡನೆಯ ಚಾವಿ ಯಲಗೂರಪ್ಪನ ಹತ್ತಿರವೇ ಉಳಿದಿತ್ತು. ಮಧ್ಯಾಹ್ನ ಆ ಕಣದಲ್ಲಿ ನಾಯಿಯೂ ಇರುವುದಿಲ್ಲ. ಅಲ್ಲಿಂದ ಬಬಲೇಶ್ವರ, ತಿಕೋಟಾ, ಸಂಜೆಯೊಳಗೆ ಮಿರಜ. ಅಲ್ಲಿ ಕೊಳ್ಳುವವನೂ ಸಿಕ್ಕಿದ್ದ. ಬೇರೆ ನಂಬರ್ ಪ್ಲೇಟು ಬರೆಸಿಟ್ಟ. ಅಂಥ ಹಸಿರು ಲಾರಿ ಜಿಲ್ಲೆಯಲ್ಲಿ ನೂರಿವೆ.

ಒಂದೇ ತೊಡಕು. ಸಾವಕಾರನ ಮನೆ ಬಬಲೇಶ್ವರದಲ್ಲಿ ಅದೇ ರಸ್ತೆಯ ಮೇಲಿತ್ತು. ಊಟಕ್ಕೆ ಕೂತಲ್ಲೇ “ನಮ್ಮ ಗಾಡಿ ಬಂತು” ಅನ್ನುವ ಕಿವಿ ಅವನದು. ಲಾರಿಯ ದನಿ ಇರುವುದು ಸೈಲೆನ್ಸರಿನಲ್ಲಿ. ಎಂಜಿನ್ನಿನ ಹೊಗೆ ಆ ಡಬ್ಬಿಯೊಳಗಿನ ತೂತುಕೊಳವೆಗಳಲ್ಲಿ ಸುತ್ತಿ ಸುಸ್ತಾಗಿ ಹೊರಬೀಳುತ್ತದೆ. ಒಳಗಿನ ತಗಡು ತುಕ್ಕು ತಿಂದ ಹಾಗೆ ಒಂದೊಂದು ಗಾಡಿಗೆ ಒಂದೊಂದು ಕೆಮ್ಮು. ಡಬ್ಬಿ ಬದಲಿಸಿದರೆ ದನಿಯೂ ಬದಲು.

ಜೋರಾಪುರ ಪೇಟೆಯಲ್ಲಿ ಗುಜರಿ ಅಂಗಡಿಯ ಶಹಜಾದಿ ಒಂದು ಡಬ್ಬಿ ಎಳೆದು ಹಾಕಿದಳು. “ಇದನ್ನ ಒಯ್ಯೋ ಅಣ್ಣಾ, ಮೊನ್ನೆ ಬಂದೈತಿ. ಭಾಳ ಗದ್ಲ ಮಾಡ್ತೈತಿ, ನನ್ನ ಗಂಡನ್ಹಂಗ.”

“ನನಗ ಗದ್ಲನ ಬೇಕಾಗೇತಿ ಬೇ.”

ಬುಧವಾರ ಮಧ್ಯಾಹ್ನ ಎಲ್ಲ ಎಣಿಸಿದಂತೆಯೇ ನಡೆಯಿತು. ನಾಲ್ಕು ಬೋಲ್ಟು, ಒಂದು ಕ್ಲಾಂಪು, ಅರ್ಧ ತಾಸು. ನಂಬರ್ ಪ್ಲೇಟು ಬದಲಿಸಿ, ಲಾರಿಯ ಹಣೆಯ ಮೇಲಿನ ಹೆಸರು ಮುಚ್ಚುವಂತೆ ತಾಡಪತ್ರಿ ಇಳಿಬಿಟ್ಟ. ಲಾರಿ ತನ್ನ ಹಳೇ ದನಿಯನ್ನೇ ಮರೆತು ಗುಡುಗಿತು. ಬಬಲೇಶ್ವರ ಹತ್ತಿರವಾದಂತೆ ಅವನಿಗೆ ಹೆದರಿಕೆ ಬರಲಿಲ್ಲ, ಸೊಕ್ಕು ಬಂತು. ಕೇಳು ಸಾವಕಾರ, ಕಿವಿ ತುಂಬ ಕೇಳು. ನಿನ್ನ ಲಾರಿ ನಿನ್ನ ಬಾಗಿಲ ಮುಂದೆ ಹೊರಟಿದೆ. ಬೇಕೆಂದೇ ಆಕ್ಸಿಲರೇಟರ್ ಒತ್ತಿದ.

ತಿರುವು ದಾಟುತ್ತಲೇ ಗಂಟು, ಚೀಲ, ಕೋಳಿ ಹಿಡಿದ ಮಂದಿ ರಸ್ತೆಗೆ ನುಗ್ಗಿದರು. ಬ್ರೇಕ್ ಹಾಕಲೇಬೇಕಾಯಿತು. “ಯಪ್ಪಾ, ಲಾರಿ ಐತಲ್ಲೋ ಇದು!” ಎಂದು ಮುದುಕಿ ಸಕ್ರವ್ವ ಬೈದಳು. “ಸಪ್ಪಳ ನೋಡಿದ್ರ ನಮ್ಮ ವಿಜಾಪುರ ಬಸ್ಸಿಂದು! ಮೊನ್ನೆ ಅದಕ್ಕ ಹೊಸಾ ಡಬ್ಬಿ ಹಾಕ್ಯಾರಂತ ಅಂದ್ರಲ್ಲ, ಹಳೇದನ್ನ ತಿರುಗಿ ಕೂಡ್ರಿಸಿದ್ರು ಅನ್ಕೊಂಡ್ವಿ.” ಎಲ್ಲರಿಗಿಂತ ಮೊದಲು ಓಡಿ ಬಂದು, ಏದುಸಿರು ಬಿಡುತ್ತ ಬಾನೆಟ್ಟಿಗೆ ಕೈಯೂರಿ ನಿಂತವನು ಸಂಗಣ್ಣ ಸಾವಕಾರ. ಡ್ರೈವರನನ್ನು ಕೆಲಸದಿಂದ ಓಡಿಸಿದ ಮೇಲೆ ಅವನಿಗೂ ಬಸ್ಸೇ ಗತಿಯಾಗಿತ್ತು. ಅವನು ತಲೆಯೆತ್ತಿ ಗಾಜಿನೊಳಗೆ ನೋಡಿದ. ಯಲಗೂರಪ್ಪನೂ ಅವನನ್ನೇ ದಿಟ್ಟಿಸಿದ, ಕಣ್ಣು ಕೆಳಗಿಳಿಸಲಿಲ್ಲ. ಹತ್ತು ವರ್ಷ ಅವನು ಇದೇ ದಾರಿಯಲ್ಲಿ ಓಡಾಡಿದ್ದ, ಆದರೆ ಕ್ಯಾಬಿನ್ನಿನಲ್ಲಿ, ತನ್ನದೇ ಎಂಜಿನ್ನಿನ ಸದ್ದಿನೊಳಗೆ. ಒಂದು ದಿನವೂ ರಸ್ತೆಬದಿ ನಿಂತು ಬಸ್ಸಿಗೆ ಕಾದವನಲ್ಲ; ಆ ಬಸ್ಸಿನ ದನಿ ಅವನ ಕಿವಿಗೆ ಬಿದ್ದಿರಲೇ ಇಲ್ಲ.