ಹನ್ನೆರಡನೆಯ ಕಾರ್ಡು

ಒಂದೂರಿತ್ತಂತೆ. ಆ ಊರಿಗೆ ಎರಡು ಮುಖವಂತೆ. ರೈಲಿನಿಂದ ಇಳಿದು ನೋಡಲು ಬಂದವರಿಗೆ ಒಂದು, ಅಲ್ಲೇ ಹುಟ್ಟಿ ನೀರು ಹೊತ್ತವರಿಗೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕಂಡವರು ಯಾರೂ ಇರಲಿಲ್ಲವಂತೆ... ಒಬ್ಬ ಹುಡುಗಿ ಒಬ್ಬ ಬಣ್ಣದವನ ಜೊತೆ ಜಗಳಕ್ಕೆ ನಿಲ್ಲುವ ತನಕ!

ಆ ಊರು ಪುಣೆ. ಬ್ರಿಟಿಷರು ಇನ್ನೂ ಇದ್ದ ಕಾಲ. ಜಗಳ ಶುರುವಾದದ್ದು ಕ್ಯಾಂಪಿನ, ಅಂದರೆ ದಂಡಿನ ಪ್ರದೇಶದ, ಒಂದು ಫೋಟೋ ಸ್ಟುಡಿಯೋದಲ್ಲಿ.

ಇಂದೂ ಬಿರುಗಾಳಿಯಂತೆ ನುಗ್ಗಿ ಮೇಜಿನ ಮೇಲೆ ಕಾರ್ಡೊಂದನ್ನು ಬಡಿದಳು. ಇದನ್ನು ಮಾಡಿದವರು ಯಾರೆಂದು ಮರಾಠಿಯಲ್ಲಿ ಗುಡುಗಿದಳು. ಹಿಂದೆಯೇ ಅಜ್ಜಿ ಚನ್ನಬಸವ್ವ ಏದುಸಿರು ಬಿಡುತ್ತ ಬಂದಳು.

ಕುಂಚ ಹಿಡಿದು ಕೂತಿದ್ದ ಯುವಕ ಬೆಚ್ಚಿಬಿದ್ದ. "ಇವರಿಗೆ ಎಂತ ಆಯ್ತು ಮಾರಾಯ್ರೆ!" ಎಂದು ತನ್ನಷ್ಟಕ್ಕೆ ಗೊಣಗಿದ.

ಕನ್ನಡದವನು! ಇಂದೂಳ ಸಿಟ್ಟು ಇಮ್ಮಡಿಯಾಯಿತು.

"ಹಂಗಾದ್ರ ಕನ್ನಡದಾಗ ಕೇಳ್ತೀನಿ. ನನ್ನ ಕೊರಳಿಗೆ ಕರಿಮಣಿ ಬರದಾಂವ ಯಾರ್ರಿ?"

ಅದು ಪ್ರವಾಸಿಗಳಿಗೆ ಮಾರುವ ಕಾರ್ಡು. ಕಪ್ಪು ಬಿಳುಪು ಫೋಟೋಗೆ ಕೈಯಿಂದ ಬಣ್ಣ ಹಚ್ಚಿದ್ದು. ಭವಾನಿ ಪೇಠೆಯ ನೀರಿನ ಕಟ್ಟೆ, ಕಟ್ಟೆಯ ಮೇಲೆ ಕೊಡ ಹೊತ್ತ ಹೆಣ್ಣು. ಕೆಳಗೆ ಇಂಗ್ಲಿಷಿನಲ್ಲಿ, 'ಪೂನಾದ ಗೃಹಿಣಿ'.

ಆ ಗೃಹಿಣಿ ಇಂದೂ! ಇನ್ನೂ ಮದುವೆಯಾಗದ ಇಂದೂ! ಯಾವಾಗ ಫೋಟೋ ತೆಗೆದರೋ ಆಕೆಗೇ ಗೊತ್ತಿಲ್ಲ...

"ನಾನೇ ಬರೆದದ್ದು," ಎಂದ ಯುವಕ. ಹೆಸರು ಸುಂದರ. ಕಡಲ ತಡಿಯ ಊರು ಬಿಟ್ಟು ಪುಣೆಗೆ ಬಂದು ಮೂರು ತಿಂಗಳಾಗಿತ್ತು. "ಸೀರೆ ಉಟ್ಟಿದ್ದೀರಿ, ತಲೆ ಮೇಲೆ ಸೆರಗುಂಟು. ಕರಿಮಣಿ ಫೋಟೋದಲ್ಲಿ ಮಾಸಿಹೋಗಿದೆ ಅಂತ ಅಂದುಕೊಂಡೆ. ಮುತ್ತೈದೆಯ ಕೊರಳು ಬರಿದಾಗಿ ಕಾಣಬಾರದಲ್ವಾ? ಒಳ್ಳೆಯದಕ್ಕೇ ಮಾಡಿದ್ದು..."

"ಬಿಸಿಲಿಗೆ ಸೆರಗು ಹೊತ್ತಿದ್ದೆ ಕಣ್ರೀ! ನಿಮ್ಮ ಒಳ್ಳೇದಕ್ಕ ಬೆಂಕಿ ಬೀಳಲಿ!"

ಇಂದೂಳನ್ನು ಕೇಳಿ ಬಂದಿದ್ದ ಸಾಸವಡ ಊರಿನ ಗಂಡಿನ ಕಡೆಯವರು ಅದೇ ಕಾರ್ಡನ್ನು ಪುಣೆ ಸ್ಟೇಶನ್ನಿನಲ್ಲಿ ಕಂಡಿದ್ದರು. "ಮದುವಿ ಆದ ಹುಡುಗಿನ ನಮಗ್ಯಾಕ ಕೊಡ್ತೀರಿ?" ಎಂದು ಮಾತು ಮುರಿದುಕೊಂಡು ಹೋಗಿದ್ದರು. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಬೆಲ್ಲದ ವ್ಯಾಪಾರಿ ಅಪ್ಪ ರಾಮಲಿಂಗಪ್ಪ ಮಗಳಿಗೆ ಖಡಕ್ಕಾಗಿ ಹೇಳಿಬಿಟ್ಟಿದ್ದ: ಸೀಗಿ ಹುಣ್ಣಿವಿಯೊಳಗ ಅಷ್ಟೂ ಕಾರ್ಡು ಮನಿ ಒಲಿಯಾಗ ಬೀಳಬೇಕು. ಇಲ್ಲಂದ್ರ ನೀನು ಗದಗಿನ ಅತ್ತಿ ಮನಿಗೆ. ಅಲ್ಲೇ ಯಾರಿಗಾದ್ರೂ ಕೊಟ್ಟು ಕೈ ತೊಳಕೋತೀನಿ.

ಪುಣೆ ಬಿಡುವುದೇ?

ಸುಂದರ ಎದ್ದು ಹೋದ. ಒಳಗಿನಿಂದ ಫೋಟೋದ ಮೂಲ ಅಚ್ಚಿದ್ದ ಗಾಜಿನ ಫಲಕ ತಂದು, ಇನ್ನೊಂದು ಪ್ರತಿ ಬಾರದಂತೆ, ಆಕೆಯ ಕಣ್ಣೆದುರೇ ನೆಲಕ್ಕೆ ಬಿಟ್ಟ. ಛಳ್!

"ಬಣ್ಣ ಹಚ್ಚಿದ್ದು ಹನ್ನೆರಡು. ಹನ್ನೆರಡನ್ನೂ ತಂದುಕೊಡ್ತೇನೆ. ನನ್ನ ಮಾತು."

ಸ್ಟುಡಿಯೋದ ಮಾಲೀಕ ಅಂದೇ ಅವನನ್ನು ಕೆಲಸದಿಂದ ತೆಗೆದ.

ಸುಂದರ ವಾರದೊಳಗೆ ಆರು ಕಾರ್ಡು ಇಂದೂಳ ಮನೆಗೆ ತಂದ. ಅಜ್ಜಿಯ ಎದುರೇ ಒಂದೊಂದಾಗಿ ಒಲೆಗೆ ಬಿದ್ದವು. ಎಂಟನೆಯದಕ್ಕೆ ಲೋಣಾವಳಾದ ಹೋಟೆಲಿನವರೆಗೂ ಹೋಗಬೇಕಾಯಿತು.

"ಮೇಮ್ ಸಾಹೇಬರು ಕೊಡಲಿಕ್ಕೇ ಒಪ್ಪಲಿಲ್ಲ. ಕಡೆಗೆ ಅವರ ನಾಯಿಯ ಚಿತ್ರ ಬರೆದುಕೊಟ್ಟೆ," ಎಂದ ಸುಂದರ.

"ನಾಯಿಗೂ ಕರಿಮಣಿ ಹಾಕಿದ್ರೇನು?" ಎಂದಳು ಇಂದೂ.

ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು.

ಸುಂದರನ ಪುಣೆಯಲ್ಲಿ ಇದ್ದದ್ದು ಪೇಶ್ವೆಗಳ ಶನಿವಾರವಾಡೆಯ ಬಾಗಿಲು, ಪರ್ವತಿ ಗುಡ್ಡದ ಮೆಟ್ಟಿಲು, ಬಂಡ್ ಗಾರ್ಡನ್. ಇಂದೂಳ ಪುಣೆಯಲ್ಲಿ ಅವು ಇರಲೇ ಇಲ್ಲ!

"ಪರ್ವತಿ ಹತ್ತಿಲ್ಲವಾ ನೀವು?"

"ಹತ್ತಾಕ ಪುರಸೊತ್ತ ಎಲ್ಲಿ? ಯಾವ ಓಣಿಯಾಗ ಮಧ್ಯಾಹ್ನ ನೆರಳು ಬೀಳತದ, ಯಾವ ಅಂಗಡಿ ಮುಂದ ಮೆಣಸಿನಕಾಯಿ ಘಾಟಿಗೆ ಸೀನು ಬರತದ, ಅದು ಗೊತ್ತದ ನನಗ."

ಮರುದಿನ ಅವನು ಆ ಓಣಿಗಳಲ್ಲೆಲ್ಲ ಅಲೆದು, ಸೀನಿ ಸೀನಿ ಮೂಗು ಕೆಂಪಾಗಿಸಿಕೊಂಡು ಬಂದ. ಆಕೆಗೆ ನಗು ತಡೆಯಲಾಗಲಿಲ್ಲ.

ಆಕೆಗೂ ಏನೋ ಆಗಿತ್ತು. ಒಂಬತ್ತನೆಯ ಕಾರ್ಡನ್ನು ಸುಡುವ ಮೊದಲು ಯಾಕೋ ನಿಂತು ನೋಡಿದಳು. ನೀರಿನ ಕಟ್ಟೆಯ ಮೇಲೆ ಎಂಥ ಚೆಂದದ ಕಮಾನು! ಹುಟ್ಟಿದಾಗಿನಿಂದ ಅಲ್ಲೇ ಇತ್ತಲ್ಲ... ನಾನ್ಯಾಕೆ ಒಮ್ಮೆಯೂ ತಲೆ ಎತ್ತಲಿಲ್ಲ?

ಆಮೇಲೆ ನಿದ್ದೆ ಕೆಟ್ಟಿತು. ಬಾಗಿಲು ಸದ್ದಾದರೆ ಏಳುವುದು, ಕೂತರೆ ನಿಲ್ಲುವುದು. ಅವನು ಬಾರದ ದಿನ ರೊಟ್ಟಿಯೆಲ್ಲ ಕರಕಲು.

ಹನ್ನೊಂದು ಕಾರ್ಡು ಸುಟ್ಟಾಯಿತು. ಉಳಿದದ್ದು ಒಂದೇ.

"ಅದು ಸಿಗುತ್ತಾ ಇಲ್ಲ," ಎಂದ ಸುಂದರ, ನೆಲ ನೋಡುತ್ತ. "ಯಾರೋ ಮುಂಬಯಿಗೆ ಒಯ್ದರಂತೆ. ಹುಡುಕ್ತಾ ಇದ್ದೇನೆ."

ಮೂರು ಸಲ ಬಂದ. ಮೂರು ಸಲವೂ ಅದೇ ಮಾತು. ಮೂರನೆಯ ಸಲ ನೀರು ಕುಡಿಯಲು ಬಗ್ಗಿದಾಗ, ಅಂಗಿಯ ಜೇಬಿನಿಂದ ಕಾರ್ಡು ಜಾರಿ ನೆಲಕ್ಕೆ ಬಿತ್ತು.

ಹನ್ನೆರಡನೆಯ ಕಾರ್ಡು!

ಇಂದೂ ಸೆಟೆದು ನಿಂತಳು.

"ನಿಮ್ಮ ಹತ್ರನ ಇತ್ತಲ್ಲ! ನನಗ ಹುಣ್ಣಿವಿ ಹತ್ರ ಬಂತಂತ ಜೀವ ಹೋಗಾಕ ಹತ್ತೇದ. ನೀವು ಜೇಬಿನಾಗ ಇಟ್ಕೊಂಡು ಆಟಾ ಆಡ್ತೀರಿ?"

"ಇಂದೂ, ಒಂದು ಮಾತು ಕೇಳಿ..."

"ನೀವೂ ಕಾರ್ಡು ಕೊಳ್ಳೂ ಆ ಸಾಹೇಬರಂಗ! ಅವರಿಗೆ ಊರು ಒಂದು ಚಿತ್ರ, ನಿಮಗ ನಾನೊಂದು ಚಿತ್ರ. ಹೋಗ್ರಿ!"

ಸುಂದರ ಕಾರ್ಡು ಎತ್ತಿಕೊಂಡು ಹೊರಟುಹೋದ.

ಎರಡು ದಿನ ಕಳೆದವು. ಗದಗಿಗೆ ಹೋಗುವ ಟ್ರಂಕಿಗೆ ಸೀರೆಗಳು ಬಿದ್ದವು. ಕಾರ್ಡು ಅವನ ಹತ್ತಿರವಿದೆ ಎಂದು ಅಪ್ಪನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಕಸಿದುಕೊಂಡೇ ಬರುತ್ತಿದ್ದ. ಆದರೆ ಹೇಳಲು ಇಂದೂಗೆ ಮನಸ್ಸೇ ಬರಲಿಲ್ಲ. ಸುಳ್ಳುಗಾರ... ಆದರೂ ಯಾಕೆ ಬಾಗಿಲನ್ನೇ ನೋಡುತ್ತಿದ್ದೇನೆ?

ಹುಣ್ಣಿಮೆಯ ಮುನ್ನಾದಿನ ಸಂಜೆ ಸುಂದರ ಹೊಸ್ತಿಲಲ್ಲಿ ನಿಂತಿದ್ದ.

"ಯಾಕ ಬಂದಿ?" ರಾಮಲಿಂಗಪ್ಪನ ದನಿ ಗಡುಸಾಗಿತ್ತು.

"ಕೊಟ್ಟ ಮಾತು ಮುಗಿಸಲಿಕ್ಕೆ." ಎಲ್ಲರೆದುರೂ ಕಾರ್ಡು ಚಾಚಿದ. "ಇದು ನನ್ನ ಹತ್ತಿರವೇ ಇತ್ತು. ಬಚ್ಚಿಟ್ಟಿದ್ದೆ."

ಇಂದೂ ಕಸಿದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು.

ಕರಿಮಣಿಯನ್ನು ಸಣ್ಣ ಚಾಕುವಿನಿಂದ ನವಿರಾಗಿ ಕೆರೆದು ತೆಗೆದಿದ್ದ. 'ಪೂನಾದ ಗೃಹಿಣಿ' ಎಂಬ ಅಕ್ಷರಗಳ ಮೇಲೆ ಬಣ್ಣ ಬಳಿದು, ಕನ್ನಡದಲ್ಲಿ ಒಂದೇ ಹೆಸರು: ಇಂದೂ.

"ಯಾಕ ಬಚ್ಚಿಟ್ರಿ?" ಕೇಳಿದಳು ಇಂದೂ.

"ಇದನ್ನೂ ಕೊಟ್ಟುಬಿಟ್ಟರೆ ಈ ಮನೆಗೆ ಬರಲಿಕ್ಕೆ ನನಗೆ ಎಂತ ನೆಪ ಉಂಟು, ಹೇಳಿ? ನಿಮ್ಮನ್ನು ಬಿಟ್ಟಿರಲಿಕ್ಕೆ ಆಗುವುದಿಲ್ಲ ನನಗೆ. ಆದರೆ ನನ್ನ ಆಸೆಗೆ ನೀವು ಊರು ಬಿಡುವುದು ಬೇಡ. ಸುಟ್ಟುಬಿಡಿ."

ರಾಮಲಿಂಗಪ್ಪನ ಹುಬ್ಬು ಗಂಟಿಕ್ಕಿತು.

"ಏನ ಧೈರ್ಯ ಇವಂದು!"

"ಧೈರ್ಯ ಅದ, ಅದಕ್ಕ ನಿನ್ನ ಎದುರಿಗೆ ಬಂದು ನಿಂತಾನ," ಎಂದಳು ಅಜ್ಜಿ. "ಮಾತು ಉಳಿಸ್ಕೊಂಡಾನ. ನೀನೂ ನಿನ್ನ ಮಾತು ಉಳಿಸ್ಕೋ. ಮೊದಲ ಆ ಟ್ರಂಕ ಒಳಗಿಡು."

ಅಪ್ಪ ಎದ್ದು, ಟ್ರಂಕು ಎತ್ತಿಕೊಂಡು ಒಳಗೆ ಹೋದ.

ಇಂದೂ ಒಲೆಯ ಮುಂದೆ ಕೂತಳು. ಇಷ್ಟು ಚೆಂದದ ಕಾರ್ಡು... ಕೈ ಮುಂದೆ ಹೋಗಲೊಲ್ಲದು!

ಸುಂದರ ಪಕ್ಕದಲ್ಲಿ ಬಂದು ಮೊಣಕಾಲೂರಿದ. "ಹನ್ನೆರಡೂ ಅಂತ ಹೇಳಿದ್ದೇನೆ. ಹಾಕಿ."

"ಹಾಕಿದ್ರ ನಿಮಗ ಈ ಮನಿಗೆ ಬರೂ ಕೆಲಸ ಉಳಿಯೂದಿಲ್ಲ."

"ಗೊತ್ತುಂಟು."

"ಹಂಗಾದ್ರ..." ಇಂದೂ ತಲೆ ಎತ್ತಿ ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ಕೆಲಸ ಇಲ್ಲದ ಬರ್ರಿ. ನಾಳೆನ ಬರ್ರಿ."

"ಬರ್ತೇನೆ."

ಇಬ್ಬರ ಬೆರಳೂ ಒಟ್ಟಿಗೆ ಕಾರ್ಡನ್ನು ಒಲೆಗೆ ನೂಕಿದವು. ಅಂಚು ಕಪ್ಪಾಗಿ ಸುರುಳಿ ಸುತ್ತಿತು, ಬಣ್ಣಗಳು ಹೊತ್ತಿಕೊಂಡವು, ಹನ್ನೆರಡನೆಯದೂ ಬೂದಿಯಾಯಿತು.