ಸೋತವರು ಕೊಡಬೇಕಾಗಿದ್ದ ಚೆಂಡು

"ಇದು ಮಾರೋದಲ್ಲಪ್ಪ. ವೆಂಡೆಲ್ ಮನೆಗೆ ಸೇರ್ಬೇಕಾದ್ದು," ಎಂದಳು ಹೆಸ್ಟರ್ ಅಜ್ಜಿ. ಅವಳ ಮಡಿಲಲ್ಲಿ ೧೮೫೮ರ ಬೇಸ್‌ಬಾಲ್ ಚೆಂಡು. ಒಂದೇ ತೊಗಲಿನ ತುಂಡನ್ನು ಮಡಚಿ ಕೈಯಲ್ಲೇ ಹೊಲಿದದ್ದು.

ಲೈಮನ್ ಚೆಂಡಿನತ್ತ ಬಾಗಿದ. ಬಾಸ್ಟನ್ ಬಿಟ್ಟು ಈ ಊರಿಗೆ ಬಂದು ಮೂರು ವರ್ಷ, ಕೈಬಿಚ್ಚಿ ಖರ್ಚು ಮಾಡಿ ಕೂಡಿಸಿದ್ದು ನಲವತ್ತು ಹಳೇ ಚೆಂಡು. ಪಕ್ಕದ ಮನೆಯ ವೆಂಡೆಲ್ ಪೀಸ್ ಬಳಿ ನಲವತ್ತೊಂದು. ಅವನಿಗೆ ಊರವರೇ ಕರೆದು ಕೊಡುತ್ತಿದ್ದರು. ಅದನ್ನು ನೆನೆದರೆ ಲೈಮನ್‌ಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ಆಗೆಲ್ಲ ಸೋತ ತಂಡ ಗೆದ್ದವರಿಗೆ ಚೆಂಡು ಒಪ್ಪಿಸ್ಬೇಕಿತ್ತು. ನಮ್ಮ ಮುತ್ತಜ್ಜ ಹೊಟ್ಟೆಕಿಚ್ಚಿಗೆ ಬಚ್ಚಿಟ್ಟ. ಗೆದ್ದೋನು ವೆಂಡೆಲ್‌ನ ಮುತ್ತಜ್ಜ, ಚೆಂಡು ಹೊಲಿದೋಳು ಅವನ ಹೆಂಡ್ತಿ. ಅದೇ ಸೂಜೀನ ಮೀನಿನ ಕಣ್ಣಿಗೆ ಚುಚ್ಚಿ ಮಾಟ ಮಾಡಿದ್ಲು. ಮುತ್ತಜ್ಜನ ಬಲಗಣ್ಣು ಹೋಯ್ತು."

"ಪೊರೆ ಬಂದಿರ್ಬೇಕು ಬಿಡಜ್ಜಿ!" ಲೈಮನ್ ನಕ್ಕ. "ಕೊಡಿ, ನಾನೇ ತಲುಪಿಸ್ತೀನಿ."

"ನೇರ ಅಲ್ಲಿಗೇ ಹೋಗು ಮಗಾ. ನಿನ್ನ ಹೊಸಿಲು ದಾಟಿಸ್ಬೇಡ."

ದಾಟಿಸಿದ. ನಲವತ್ತರ ನಡುವೆ ಅದನ್ನಿಟ್ಟು, ಕಿಟಕಿಯಾಚೆ ವೆಂಡೆಲ್‌ನ ಮನೆಯತ್ತ ನೋಡಿ, "ಈಗ ನಾವಿಬ್ಬರೂ ಸರಿಸಮ," ಎಂದುಕೊಂಡ. ಎದೆ ತಣ್ಣಗಾಯಿತು.

ನಡುಹಗಲು. ಹಿತ್ತಲಿನಿಂದ ಕಳಿತ ಸೇಬಿನ ವಾಸನೆ ಬರುತ್ತಿತ್ತು. ಅದರ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಕೊಳೆತ ಮೀನಿನದು. ಚೆಂಡಿನೊಳಗೆ ಏನೋ ಸರಿದ ಸದ್ದು. ಹುಳ ಹೊಕ್ಕಿದೆಯೆಂದು ಲೈಮನ್ ಚಾಕುವಿನಿಂದ ಹೊಲಿಗೆ ಬಿಚ್ಚಿದ. ಒಳಗೆ ಹಳೇ ಕಾಲ್ಚೀಲದ ಎಳೆ ಬಿಚ್ಚಿ ಸುತ್ತಿದ್ದ ಉಣ್ಣೆ. ಎಳೆದ. ಇನ್ನೂ ಎಳೆದ. ಎಳೆ ಒದ್ದೆಯಾಗಿತ್ತು. ಬೆಚ್ಚಗಿತ್ತು.

ನಡುವೆ ಒಂದು ಕಣ್ಣು. ಮೀನಿನದಲ್ಲ. ಮನುಷ್ಯನದು. ಅದು ಅವನನ್ನು ನೋಡಿತು. ಕರಗಿತು. ಜಾಗ ಖಾಲಿಯಾಯಿತು.

ಬಲಗಣ್ಣಿಗೆ ಸೂಜಿ ಹೊಕ್ಕಂತಾಯಿತು. ಕತ್ತಲು. ಉಣ್ಣೆ ತಾನಾಗಿ ಸುತ್ತಿಕೊಳ್ಳುತ್ತಿತ್ತು. ಸರಸರ. ತೊಗಲು ಮುಚ್ಚಿತು. ಹೊಲಿಗೆ ಬಿಗಿಯಿತು. ಕತ್ತಲು ಹರಿಯಿತು. ಬಲಗಣ್ಣಿಗೆ ಕಂಡದ್ದು ಅವನದೇ ಮುಖ. ಕೆಳಗಿನಿಂದ, ಚೆಂಡಿದ್ದ ಕಡೆಯಿಂದ. ಬಲಗಣ್ಣಿನ ಜಾಗದಲ್ಲಿ ಬರೀ ಗುಳಿ.

ಕಿರುಚುತ್ತ ಓಡಿದ. ಬೇಲಿ ಹಾರಿದ. "ತಗೋ ವೆಂಡೆಲ್! ನಿಂದೇ ಇದು! ತಗೋಳೋ!"

ವೆಂಡೆಲ್ ಚೆಂಡನ್ನು ಎದೆಗೊತ್ತಿಕೊಂಡ. "ನಿನ್ನಂಥ ದೊಡ್ಡ ಮನಸ್ಸು ಯಾರಿಗಿದೆಯೋ... ಅಯ್ಯೋ ದೇವರೇ, ನಿನ್ನ ಕಣ್ಣೆಲ್ಲೋ?"

ಎಡಗಣ್ಣು ಉಳಿಯಿತು. ಗುಳಿಗೆ ವೈದ್ಯರು ಗಾಜಿನ ಕಣ್ಣು ಕೂರಿಸಿದರು. ಆದರೆ ವೆಂಡೆಲ್ ಆ ಚೆಂಡನ್ನು ಮೇಜಿನ ಮೇಲೆ, ತನ್ನ ಚೆಂಡುಗಳ ಕಪಾಟಿಗೆ ಎದುರಾಗಿ ಇಟ್ಟಿದ್ದಾನೆ. ದಿನವೂ ಒಂದೊಂದೇ ಚೆಂಡು ಒರೆಸುತ್ತ ಮುಗುಳ್ನಗುತ್ತಾನೆ. ಊರವರು ಇನ್ನೂ ತಂದು ಕೊಡುತ್ತಲೇ ಇದ್ದಾರೆ. ಮೊನ್ನೆಗೆ ಐವತ್ತಾಯಿತು.

ಲೈಮನ್ ಪ್ರತಿಯೊಂದನ್ನೂ ನೋಡುತ್ತಾನೆ, ನಿದ್ದೆಯಲ್ಲೂ. ಚೆಂಡಿಗೆ ರೆಪ್ಪೆಯಿಲ್ಲ.