ಇನ್ನೊಂದಕ್ಷರ

ನೆಂಟರೆಲ್ಲ ಊರಿಗೆ ಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡುತ್ತಲೂ ಇದ್ದೆ. ಕೈ ಮುಂದೆ ಹೋಗಲಿಲ್ಲ.

ಅತ್ತೆ ಬಂದು ಪಾತ್ರೆ ಇಳಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಠದ ಜಮಖಾನೆ ಮಡಚಿಡವ್ವ," ಎಂದರು. "ದ್ಯಾಮಮ್ಮನ ಮನೇದು ಕೊಳಗ ಐತೆ, ಬೆಂಚು ಐತೆ. ಮಂದಿ ವಸ್ತು ಮಂದಿಗೆ ಮುಟ್ಟಿಸಿಬಿಡಾಣ."

ಸಾವಿನ ಮನೆಗೆ ಊರೆಲ್ಲ ತನ್ನ ಸಾಮಾನು ಕಳಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೋಯಿತು. ಪಡಸಾಲೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

"ಇನ್ನೇನಾರ ಉಳಿದೈತಾ?" ಅತ್ತೆ ಕೇಳಿದರು.

"ಇಲ್ಲ," ಎಂದೆ.

ಒಂದು ಉಳಿದಿತ್ತು. ರೇಡಿಯೋದ ಹಿಂದೆ, ಕಂದು ಕಾಗದದ ರಟ್ಟು ಹಾಕಿದ ಒಂದು ಕಾದಂಬರಿ.

*

ನನ್ನದು ಜಗಳೂರು. ಮೈಸೂರಿನಲ್ಲಿ ಕನ್ನಡ ಎಂಎ ಮಾಡಿದ್ದೆ. ಹೊನ್ನಾಳಿ ಪೇಟೆಯಲ್ಲಿ ಛತ್ರಿ, ಟಾರ್ಚು ಮಾರುವವರಿಗೆ ನನ್ನನ್ನು ಕೊಡುತ್ತಾರೆ ಎಂದಾಗ ಗೆಳತಿಯರು ನಕ್ಕಿದ್ದರು. ಹೆಣ್ಣು ನೋಡಲು ಬಂದ ದಿನ ಅವರು ಅವಲಕ್ಕಿ ತಟ್ಟೆಯ ಮೇಲಿಂದ ಕಣ್ಣೆತ್ತಿ, "ಏನೇನು ಓದ್ತೀರಿ?" ಎಂದು ಕೇಳಿದರು. ನಾನು ಹಳಗನ್ನಡದಿಂದ ಶುರು ಮಾಡಿದೆ. ಸ್ವಲ್ಪ ಹೆದರಿಸಬೇಕೆಂದೇ ಇದ್ದೆ.

"ನಾನೂ ಓದ್ತೀನಿ," ಎಂದರು. "ಆದ್ರೆ ಏನು ಅಂತ ಹೇಳಿದ್ರೆ ನೀವು ಎದ್ದು ಒಳಗೆ ಹೋಗ್ತೀರಿ. ಅವಲಕ್ಕಿ ಮುಗೀಲಿ, ಆಮೇಲೆ ಹೇಳ್ತೀನಿ."

ಅವಲಕ್ಕಿ ಮುಗಿದ ಮೇಲೂ ಹೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆಪದಲ್ಲಿ ತಿರುಗಿ ನೋಡಿದರು. ಚಪ್ಪಲಿ ಕಾಲಲ್ಲೇ ಇತ್ತು.

ಮದುವೆಯಾಗಿ ಬಂದಾಗ ಹೆಂಗಸರು ಹೊಸಿಲಿಗೆ ಅಡ್ಡ ನಿಂತರು. ಗಂಡನ ಹೆಸರನ್ನು ಒಡಪಿನ ಪದ್ಯದಲ್ಲಿ ಸೇರಿಸಿ ಹೇಳದೆ ಒಳಗೆ ಬಿಡುವುದಿಲ್ಲವಂತೆ. ನನಗೆ ಒಂದು ಒಡಪೂ ಬರುತ್ತಿರಲಿಲ್ಲ. ಸುಮ್ಮನೆ ಹೇಳಿಬಿಡು ಎಂದರು. ಅದೂ ಬಾಯಿಗೆ ಬರಲಿಲ್ಲ. ನಮ್ಮ ಕಡೆ ಗಂಡನ ಹೆಸರು ಹಿಡಿದು ಕರೆಯುವ ಹೆಂಗಸು ಯಾರಿದ್ದಾರೆ? ಮಾವನವರ ಹೆಸರು ನಾಗರಾಜಪ್ಪ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅತ್ತೆ ನಾಗರಪಂಚಮಿಯನ್ನು ಇವತ್ತಿಗೂ ಹುತ್ತದ ಹಬ್ಬ ಅನ್ನುತ್ತಾರೆ.

"ಎಂಎ ಓದಿದಾಕಿಗೆ ಮೂರಕ್ಷರ ಬರಲ್ಲ ನೋಡ್ರೇ!" ಯಾರೋ ಅಂದರು. ಎಲ್ಲರೂ ನಕ್ಕರು. ಕೊನೆಗೆ ಅತ್ತೆಯೇ, "ಬಿಡ್ರೇ, ಮಗು ಕಾಲು ನೋಯ್ತಾವೆ," ಎಂದು ದಾರಿ ಮಾಡಿಸಿದರು.

ಅವತ್ತಿನಿಂದ ನಮ್ಮ ಮನೆಯವರು ನನ್ನನ್ನು ಕರೆಯುತ್ತಿದ್ದುದೇ ಎಂಎ ಎಂದು. "ಎಂಎ, ಉಪ್ಪು." "ಎಂಎ, ಟವೆಲ್ಲು." ಒಮ್ಮೆಯೂ ನೀಲಾಂಬಿಕೆ ಎನ್ನಲಿಲ್ಲ. ನನಗೂ ಅವರನ್ನು ಕರೆಯಲು ಇದ್ದದ್ದು "ಏನ್ರಿ" ಒಂದೇ.

ಅವರ ಹೆಸರಿನಲ್ಲಿ ಒಂದು ತೊಂದರೆ ಇತ್ತು. ಅದರ ಮೊದಲ ಎರಡಕ್ಷರ ದಿನಾ ಬಾಯಿಗೆ ಬರುವ ಮಾತು.

"ಚೀಲ ಕೊಟ್ರೆ ಸಂತೆಗೆ ಹೋಗಿ ಬರ್ತೀನಿ," ಎಂದೆ ಒಂದು ದಿನ.

ಅವರು ಥಟ್ಟನೆ ತಲೆ ಎತ್ತಿದರು. ಕಣ್ಣು ಮಿನುಗಿತು. "ಬಂತು! ಇನ್ನೊಂದಕ್ಷರ ಐತೆ. ಅದನ್ನೂ ಅಂದುಬಿಡು."

"ಏನು ಬಂತು?"

"ಕೊಟ್ರೆ ಅಂದ್ಯಲ್ಲ. 'ಶ' ಅನ್ನು, ಸಾಕು."

ನಾನು ಚೀಲ ಕಿತ್ತುಕೊಂಡು ಹೊರಟೆ. ಹಿಂದಿನಿಂದ ಅವರ ನಗು ಬೀದಿಯ ತಿರುವಿನವರೆಗೂ ಬಂತು. ಆಮೇಲೆ ಅದೊಂದು ಆಟವೇ ಆಯಿತು. ದುಡ್ಡು ಕೊಟ್ರೆ, ಬಟ್ಟೆ ಕೊಟ್ರೆ ಎಂದು ನನ್ನಿಂದ ಅನ್ನಿಸಲು ಏನೇನೋ ಅಡಗಿಸಿಡುತ್ತಿದ್ದರು. ನಾನು "ಕೊಡಿ" ಎಂದಷ್ಟೇ ಹೇಳುವುದನ್ನು ಕಲಿತೆ. ಎದುರಿಗೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದರು, ಹಲ್ಲಿ ನೊಣಕ್ಕೆ ಕಾಯುವ ಹಾಗೆ.

"ನೀವು ಮಾರೋದು ಮಾತ್ರ ಅಲ್ಲ, ನೀವೂ ಛತ್ರಿನೇ," ಎಂದು ಬೈದರೆ ಅದಕ್ಕೂ ಖುಷಿ.

*

ಅವರು ಓದುತ್ತಿದ್ದುದು ಕಾಲೇಜು ಹುಡುಗ ಹುಡುಗಿಯರ ತಮಾಷೆಯ ಪ್ರೇಮ ಕಾದಂಬರಿಗಳನ್ನು. ಹೊನ್ನಾಳಿಯಲ್ಲಿ ಬಾಡಿಗೆಗೆ ತಂದರೆ ಗುರುತಿನವರು ನೋಡುತ್ತಾರೆಂದು ವಾರಕ್ಕೊಮ್ಮೆ ಸರಕಿನ ನೆಪದಲ್ಲಿ ನ್ಯಾಮತಿಗೆ ಹೋಗಿ ತರುತ್ತಿದ್ದರು. ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಬಂದು, ಚಾಪೆಯ ಮೇಲೆ ಅಡ್ಡಾಗಿ ನನಗೆ ಓದಿ ಹೇಳುತ್ತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಿದ್ದರು.

ಕೊನೆಯದಾಗಿ ತಂದ ಪುಸ್ತಕಕ್ಕೆ ಮೊದಲ ಹಾಳೆಗಳೇ ಇರಲಿಲ್ಲ. ಹೆಸರೂ ಗೊತ್ತಿಲ್ಲ. ಅದರಲ್ಲಿ ಒಬ್ಬ ಹುಡುಗಿ ಸೈಕಲ್ಲಿನಲ್ಲಿ ಕಾಲೇಜಿಗೆ ಬಂದು, ಕ್ಯಾಂಟೀನಿನವನ ಮಗನನ್ನು ಹೊಸ ಲೆಕ್ಚರರ್ ಎಂದುಕೊಂಡು ಎದ್ದು ನಿಂತು ನಮಸ್ಕಾರ ಮಾಡುತ್ತಾಳೆ. ಅವನು ಕೂತ್ಕೊಳ್ಳಿ ಎನ್ನುತ್ತಾನೆ. ನಿಜ ತಿಳಿದ ಮೇಲೆ ಅವಳು ಅವನನ್ನು "ಮಿಸ್ಟರ್" ಎಂದೇ ಕರೆಯುತ್ತಾಳೆ, ಸಿಟ್ಟಿನಿಂದ. ಅಧ್ಯಾಯಗಳು ಕಳೆದವು. ಸಿಟ್ಟು ಹೋಯಿತು. ಮಿಸ್ಟರ್ ಹೋಗಲಿಲ್ಲ.

"ಇದರಲ್ಲಿ ಏನಿದೆ ಅಂತ ಓದ್ತೀರಿ?" ಎಂದೆ. "ಇಬ್ಬರೂ ಕೊನೆಗೆ ಒಂದಾಗ್ತಾರೆ. ಅದು ಶುರುವಿನಲ್ಲೇ ಗೊತ್ತು."

"ಅದಕ್ಕೇ ಓದೋದು." ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟು ಮೇಲೆ ನೋಡಿದರು. "ನಿಮ್ಮ ಮೈಸೂರಿನ ಪುಸ್ತಕದಾಗೆ ಯಾರಿಗೆ ಯಾವಾಗ ಏನಾಗ್ತದೋ ಅಂತ ಜೀವ ಹಿಡ್ಕಂಡು ಕೂರಬೇಕು. ಇದ್ರಾಗೆ ಅಕಿ ಮುನಿಸ್ಕಂಡ್ರೂ, ಇವನು ಊರು ಬಿಟ್ರೂ, ನಾನು ನಿಶ್ಚಿಂತೆಯಾಗಿ ಹೆದರ್ಕಬಹುದು. ಹಂಗೆ ಹೆದರೋದು ಎಷ್ಟು ಸುಖ ಗೊತ್ತಾ ಎಂಎ?"

ನಾನು ಮೂಗು ಮುರಿದೆ. ಆದರೆ ಮರುದಿನ ಅವರು ಅಂಗಡಿಯಿಂದ ಬರುವುದು ತಡವಾದಾಗ, ಸೈಕಲ್ ಹುಡುಗಿ ಏನಾದಳೋ ಎಂದು ಎರಡು ಸಲ ಬಾಗಿಲಿಗೆ ಹೋಗಿ ಬಂದೆ. ಅತ್ತೆ ಒಂದು ಕಣ್ಣು ತೆರೆದು ಮುಚ್ಚಿಕೊಂಡರು.

ಕೊನೆಯ ಅಧ್ಯಾಯ ಬಂತು. ಹುಡುಗ ರೈಲು ಹತ್ತಿಯಾಗಿತ್ತು. ಹುಡುಗಿಯ ಸೈಕಲ್ ಪಂಕ್ಚರ್ ಆಗಿತ್ತು. ಅವರು ಪುಸ್ತಕ ಮುಚ್ಚಿದರು.

"ಓದಿ!"

"ಭಾನುವಾರಕ್ಕಿರ್ಲಿ. ಈಗ ಪಂದ್ಯ. ಕೊನೇಗೆ ಅಕಿ ಅವನ ಹೆಸರು ಹಿಡಿದು ಕರೀತಾಳೆ ಅಂತೀನಿ ನಾನು. ಕರೆದ್ರೆ ನೀನೂ ಕರೀಬೇಕು."

"ಕರೆಯಲ್ಲ ಅವಳು. ಮಿಸ್ಟರ್ ಅಂತಲೇ ಅಂತಾಳೆ. ಅದೇ ಚೆಂದ."

"ಹಂಗಾರೆ ಒಪ್ಪಿಗೆ ತಾನೆ?"

ಒಪ್ಪಿದೆ. ಅವರು ಪುಸ್ತಕದ ಅಂಚಿನ ಮೇಲಿಂದ ನನ್ನನ್ನು ನೋಡಿದ ರೀತಿಯಲ್ಲಿ ಏನೋ ಮೋಸವಿತ್ತು. ಏನೆಂದು ಗೊತ್ತಾಗಲಿಲ್ಲ.

ಆ ಭಾನುವಾರ ಅವರ ಕಣ್ಣು ಹಳದಿಯಾಗಿತ್ತು. ಕಾಮಾಲೆ ಎಂದರು. ಊರಿನ ಔಷಧಿ ಹತ್ತಲಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ನರ್ಸ್ ಹೆಸರು ಕೇಳಿದಾಗ, ಸ್ಟ್ರೆಚರ್ ಮೇಲೆ ಮಲಗಿದ್ದವರು, "ತಡೀರಿ ಸಿಸ್ಟರ್, ಇವಳು ಹೇಳ್ತಾಳೆ," ಎಂದು ನಗಲು ನೋಡಿದರು. ಅಷ್ಟರಲ್ಲಿ, ಸುದ್ದಿ ತಿಳಿದು ಬಂದಿದ್ದ ನಮ್ಮಣ್ಣ ಹೇಳಿಬಿಟ್ಟ.

"ಕೊನೇ ಅಧ್ಯಾಯ ನಾನಿಲ್ದೆ ಓದ್ಬ್ಯಾಡ," ಎಂದರು ನನಗೆ. "ನಾನೇ ಓದಬೇಕು ಅದನ್ನ."

*

ಅವರು ಹೋದ ಮೇಲೆ ಜಗಳೂರಿನಿಂದ ಅಣ್ಣ ಬಂದು ತವರಿಗೆ ಕರೆದ. ಆಮೇಲೆ ಬರುತ್ತೇನೆ ಎಂದೆ. ಅಳು ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು. ಒಂದು ಮಧ್ಯಾಹ್ನ, ಅವರು ಊಟಕ್ಕೆ ಬರುತ್ತಿದ್ದ ಹೊತ್ತಿನಲ್ಲಿ, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಎದ್ದು ಕೂತರು.

"ಆ ಹುಡುಗಿ ಏನಾದ್ಲವ್ವ?"

"ಯಾವ ಹುಡುಗಿ ಅತ್ತೆ?"

"ಅದೇ, ಸೈಕಲ್ಲಿಂದು. ಪಂಕ್ಚರ್ ಆಗಿತ್ತಲ್ಲ." ಸೆರಗಿನ ತುದಿ ಸುತ್ತುತ್ತ ಹೇಳಿದರು. "ನಿದ್ದಿ ಬರ್ತದೇನು ನನಗೆ? ರೈಲು ಹೊಂಟೇಬಿಟ್ಟಿರ್ತದೆ."

"ಅವರು ಓದಬೇಡ ಅಂದಿದ್ದಾರೆ."

"ನೀನು ಓದ್ಬ್ಯಾಡ ಅಂದಿರಬಹುದು. ನನಗೆ ಓದಿ ಹೇಳ್ಬ್ಯಾಡ ಅಂದಿಲ್ಲ. ನನಗೇನು ಓದಾಕೆ ಬರಲ್ಲ. ತಗಂಬಾ."

ರೇಡಿಯೋದ ಹಿಂದಿನಿಂದ ತೆಗೆದೆ. ಧೂಳು ಒರೆಸಿದೆ. ಅವರು ಮಲಗುತ್ತಿದ್ದ ಚಾಪೆಯ ಮೇಲೆ ಕೂತು ಓದಿದೆ. ಮೊದಲ ಸಾಲುಗಳಲ್ಲಿ ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಹುಡುಗಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಓಡಿದಳು. ಟಾಂಗಾ ಸಿಕ್ಕಿತು. ಕುದುರೆ ಹಟ ಹಿಡಿಯಿತು. "ಹಾಳಾದ್ದು!" ಎಂದರು ಅತ್ತೆ. ಹುಡುಗಿ ಇಳಿದು ಮತ್ತೆ ಓಡಿದಳು. ಸ್ಟೇಷನ್ ಬಂತು. ಸೀಟಿ ಆಯಿತು. ಕಿಟಕಿಯಲ್ಲಿ ಅವನ ಮುಖ. ರೈಲು ಕದಲಿತು. ಹುಡುಗಿ ಬಾಯಿ ತೆರೆದಳು.

ನಾನು ಹಾಳೆ ತಿರುಗಿಸಿದೆ. ಅಲ್ಲಿ ರಟ್ಟು ಇತ್ತು.

"ಮುಂದೆ?"

"ಹಾಳೆ ಇಲ್ಲ ಅತ್ತೆ. ಹರಿದು ಹೋಗಿದೆ."

"ಹಾಳೆ ಇಲ್ಲ ಅಂದ್ರೆ? ಬಾಯಿ ತೆರೆದಾಕಿ ಎಷ್ಟೊತ್ತು ಹಂಗೇ ನಿಂತಿರಬೇಕು?"

ಅತ್ತೆ ಪುಸ್ತಕ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ರಟ್ಟಿನ ಒಳಗೆ ನ್ಯಾಮತಿಯ ಅಂಗಡಿಯ ಮೊಹರಿತ್ತು. ಅವರಿಗೆ ಅದನ್ನು ಓದಿ ಹೇಳಿದೆ.

"ಹಂಗಾರೆ ಇದೂ ಮಂದಿ ವಸ್ತುನೇ," ಎಂದರು. "ನಾಳೆ ಬಸ್ಸಿಗೆ ಹೋಗು. ಕೊಟ್ಟು, ಕೊನೇಗೆ ಏನಾತು ಅಂತ ಕೇಳ್ಕಂಡು ಬಾ."

"ಒಬ್ಬಳೇ? ಇಷ್ಟು ಬೇಗ? ಜನ ಏನಂತಾರೆ ಅತ್ತೆ?"

"ಅಂತಾರೆ. ಅನ್ಲಿ." ಎದ್ದು ಒಳಗೆ ಹೋಗುತ್ತ, ನನ್ನ ಕಡೆ ನೋಡದೆ ಹೇಳಿದರು: "ನೀನು ಗೆದ್ಯೋ ಸೋತ್ಯೋ ನನಗೂ ಗೊತ್ತಾಗಬೇಕಲ್ಲ. ಬರುವಾಗ ಇನ್ನೊಂದು ಹಿಡ್ಕಂಡು ಬಾ. ಹಾಳೆ ಎಲ್ಲಾ ಇರೋದು."

*

ನ್ಯಾಮತಿಯ ಅಂಗಡಿಯಲ್ಲಿ ಬಳೆ, ಉಲ್ಲನ್ ದಾರ, ಶಾಲೆಯ ಪುಸ್ತಕಗಳು ಇದ್ದವು. ಹಿಂದಿನ ಗೋಡೆಗೆ ಕಂದು ರಟ್ಟಿನ ಕಾದಂಬರಿಗಳು. ಅಂಗಡಿಯ ಸಿದ್ದಲಿಂಗಮ್ಮ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿಯೇ ಗುರುತು ಹಿಡಿದರು.

"ಇದು ಸೈಕಲ್ ಹುಡುಗಿ ಅಲ್ಲೇನ್ರಿ? ನೀಲಾಂಬಿಕೆ ಅನ್ನೋರ ಹೆಸರಿನಾಗೆ ಹೋಗಿತ್ತು."

"ನಾನೇ," ಎಂದೆ.

"ನೀವೇನ್ರಿ!" ಅವರು ಸ್ಟೂಲಿನಿಂದ ಎದ್ದೇಬಿಟ್ಟರು. "ನಿಮ್ಮನ್ನ ಒಂದ್ಸಲ ನೋಡಬೇಕು ಅಂತ ಆಸೆ ಇತ್ತು ನೋಡ್ರಿ. ನಿಮ್ಮ ಯಜಮಾನ್ರು ಮೊದಲನೇ ಸಲ ಬಂದಾಗ ಯಾರ ಹೆಸರು ಬರೀಲಿ ಅಂದೆ. ನೀಲಾಂಬಿಕೆ ಅಂತ ಮೆತ್ತಗೆ ಅಂದ್ರು. ಕಿವಿ ತುದಿ ಕೆಂಪಗೆ ಆಗಿತ್ತು. ಆಮೇಲೆ ಬಂದಾಗೆಲ್ಲ ನಾನು, ಯಾರ ಹೆಸರು, ಕೇಳಿಸ್ಲಿಲ್ಲ ಅಂತಿದ್ದೆ. ಸುಮ್ನೆ. ಅವರು ಹಂಗೆ ನಾಚ್ಕಂಡು ಹೇಳೋದು ನೋಡಾಕೆ."

ವಾರಕ್ಕೊಮ್ಮೆ, ಬಸ್ಸಿನಲ್ಲಿ ಇಲ್ಲಿಗೆ ಬಂದು, ನನ್ನ ಹೆಸರು ಹೇಳಿ ಹೋಗುತ್ತಿದ್ದರು. ಮನೆಗೆ ಬಂದು ಎಂಎ ಎನ್ನುತ್ತಿದ್ದರು.

"ಇದರ ಕೊನೇ ಹಾಳೆ..." ಎಂದೆ.

"ಅದು ಹರಿದು ಎಷ್ಟು ಕಾಲ ಆತೋ! ಅವರಿಗೂ ಮೊದಲೇ ಹೇಳಿದ್ನಲ್ರಿ, ಇದ್ರಾಗೆ ಕೊನೇದಿಲ್ಲ, ಬ್ಯಾರೆ ತಗಳ್ರಿ ಅಂತ. ಬ್ಯಾಡ, ಇದೇ ಬೇಕು ಅಂದ್ರು. ಕೊನೇದು ನಾನೇ ಕಟ್ಟಿ ಹೇಳ್ಕಂತೀನಿ, ನಮ್ಮ ಮನ್ಯಾಗೆ ಒಂದು ಕೆಲಸ ಆಗಬೇಕಾಗೈತೆ ಅಂದ್ರು. ಏನು ಕೆಲಸಾನೋ!"

ಛತ್ರಿ.

ಮೊದಲು ನನ್ನ ಭುಜ ಅಲುಗಿತು. ಆಮೇಲೆ ನಗು ಬಂತು, ತಡೆಯಲಾಗದಷ್ಟು. ಪಂದ್ಯ ಕಟ್ಟುವಾಗ ಪುಸ್ತಕದ ಅಂಚಿನ ಮೇಲಿದ್ದ ಆ ಎರಡು ಕಣ್ಣು ನೆನಪಾದವು. ಇಲ್ಲದ ಹಾಳೆಯನ್ನು ಇದ್ದ ಹಾಗೆ ಓದಿ, ಆ ಹುಡುಗಿಯ ಬಾಯಲ್ಲಿ ಹೆಸರು ಹೇಳಿಸಿ, ನನ್ನ ಕಡೆ ತಿರುಗುತ್ತಿದ್ದರು. ನಾನು ಬಳೆಗಳ ಮುಂದೆ ನಿಂತು ನಗುತ್ತಲೇ ಇದ್ದೆ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಸಿದ್ದಲಿಂಗಮ್ಮ ಬಳೆಯಿಲ್ಲದ ನನ್ನ ಬರಿ ಕೈಗಳನ್ನು ಆಗ ನೋಡಿದರು. ಸ್ಟೂಲನ್ನು ನನ್ನ ಕಡೆ ಸರಿಸಿದರು.

"ಯಾವಾಗ್ರಿ?" ಎಂದರು ಮೆಲ್ಲಗೆ.

ಹೇಳಿದೆ. ಅವರು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. ಕುಡಿದೆ. ತಣ್ಣಗಿತ್ತು. ತಣ್ಣಗಿದೆ ಎಂದು ತಿಳಿಯಿತು.

"ಆ ಹಾಳೆಯಲ್ಲಿ ಏನಿತ್ತು? ನಿಮಗೆ ನೆನಪಿದೆಯಾ?"

"ಇಲ್ರವ್ವ. ನಾನು ಓದೋ ಹೊತ್ತಿಗೂ ಇರ್ಲಿಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಪುಸ್ತಕಕ್ಕೆ ಕೈ ಚಾಚಿ, ಹಾಗೇ ನಿಲ್ಲಿಸಿದರು. "ಅಲ್ರಿ, ಅಷ್ಟು ಸಲ ನಿಮ್ಮ ಹೆಸರು ಹೇಳಿಸಿದೆ. ಅವರ ಹೆಸರು ಕೇಳಲೇ ಇಲ್ಲ ನೋಡ್ರಿ ನಾನು. ಏನ್ರಿ ಅವರ ಹೆಸರು?"

ಅಂಗಡಿಯ ಮುಂದೆ ಹೊನ್ನಾಳಿಯ ಬಸ್ಸು ಬಂದು ನಿಂತಿತು. ಯಾರೂ ನನಗಿಂತ ಮೊದಲು ಹೇಳುವವರಿರಲಿಲ್ಲ.

"ಕೊಟ್ರೆ..." ಎಂದೆ.

ಸಿದ್ದಲಿಂಗಮ್ಮ ಕಾದರು.

ಇನ್ನೊಂದಕ್ಷರ. ಅಷ್ಟೇ.

"ಕೊಟ್ರೇಶ," ಎಂದೆ. ಕೇಳಿಸದಿದ್ದರೆ ಎಂದು ಇನ್ನೊಮ್ಮೆ ಅಂದೆ. "ನನ್ನ ಕೊಟ್ರೇಶ."

ಅತ್ತೆಗೆ ಹೇಳಲು ಉತ್ತರ ಸಿಕ್ಕಿತ್ತು: ಹುಡುಗಿ ಹೆಸರು ಹಿಡಿದು ಕರೆದಳು, ನಾನು ಸೋತೆ. ಚಾಚಿದ ಆ ಕೈಗೆ ಪುಸ್ತಕ ಕೊಟ್ಟೆ.